ಮೂರನೆಯ ಸಿಲಿಂಡರು

ಹಲ್ಲಿನ ಸೆಟ್ಟುಗಳ ಆರ್ಡರು ಬರೆಯುವ ಪುಸ್ತಕದ
ಕೊನೆಯ ಹಾಳೆಯಲ್ಲಿ ಪಟ್ಟಿ ಮಾಡಿಕೊಂಡು ಹೋಗಿದ್ದೆ,
ನನ್ನ ಹಳೆಯ ಜೆನ್ ಕಾರಿಗೆ:
ಟರ್ಬೊ, ರೇಸಿನ ಕ್ಯಾಮು, ಅಗಲ ಬಾಯಿಯ ಸೈಲೆನ್ಸರು,
ಸಾಧ್ಯವಾದರೆ ಕೆಂಪು ಬಣ್ಣ.

ಕೋಡಿಬಾಗದ ಗ್ಯಾರೇಜಿನಲ್ಲಿ ಕಾಯ್ತಾನ
ಕನ್ನಡಕ ಹಣೆಗೇರಿಸಿ ಓದಿದ. ನಗಲಿಲ್ಲ.
"ಬಾಯೀ" ಅಂದ. ಇಲ್ಲಿ ಹೆಂಗಸರನ್ನು ಕರೆಯುವುದು ಹಾಗೇ.
ದಿನವಿಡೀ ಬಾಯಿಗಳಿಗೆ ಹಲ್ಲು ಕಟ್ಟುವ ನನಗೆ
ಕಾರವಾರಕ್ಕೆ ಬಂದು ಹತ್ತು ವರ್ಷವಾದರೂ
ಆ ಕರೆಗೆ ತುಟಿಯಂಚು ಕುಣಿಯುತ್ತದೆ.
"ಬಾಯೀ, ಗಾಡಿ ಓಡಿಸೋದು ಎಲ್ಲಿ? ಅದು ಹೇಳಿ ಮೊದಲು."

ಎಲ್ಲಿ?
ಸೋಮವಾರ, ಗುರುವಾರ, ಹಿಂದಿನ ಸೀಟಿನಲ್ಲಿ
ಹತ್ತಿ ಸುತ್ತಿದ ಮೇಲ್ದವಡೆ, ಕೆಳದವಡೆ ಕೂರಿಸಿಕೊಂಡು
ಬಿಣಗಾ, ಅರಗಾ, ಅಂಕೋಲೆ, ಕುಮಟೆ;
ಕತಗಾಲದಲ್ಲೊಂದು ಚಾ;
ಆಮೇಲೆ ದೇವಿಮನೆ ಘಟ್ಟ, ಜಲ್ಲಿ ಲಾರಿಯ ಬೆನ್ನಿಗೆ
ಎರಡನೇ ಗೇರಿನಲ್ಲಿ, ಅದರ ಹೊಗೆ ಕುಡಿಯುತ್ತ.
ಪಟ್ಟಿ ಹುಟ್ಟಿದ್ದು ಅಲ್ಲೇ,
ಆ ಲಾರಿಯ ಬೆನ್ನಿಗೆ.

ಕಾಯ್ತಾನ ಕಿವಿಯ ಮೇಲಿನ ಪೆನ್ಸಿಲು ತೆಗೆದ.
"ಈ ಕ್ಯಾಮಿಗೆ ಜೀವ ಬರೋದು ಐದು ಸಾವಿರ ಸುತ್ತು ದಾಟಿದ ಮೇಲೆ.
ಘಟ್ಟದಲ್ಲಿ ನೀವು ಇರ್ತೀರಿ ಎರಡೂವರೆಯಲ್ಲಿ.
ಹೋಗದ ಊರಿಗೆ ಟಿಕೇಟು ಯಾಕೆ?"
ಒಂದು ಗೀಟು.
"ಟರ್ಬೊ ಕೂರಿಸಬಹುದು. ಅದರ ಹಿಂದೆ ಪಿಸ್ಟನ್ನು, ಗ್ಯಾಸ್ಕೆಟ್ಟು,
ರೇಡಿಯೇಟರು, ಕ್ಲಚ್ಚು. ಮದುಮಗಳು ಬಂದ್ರೆ ಸಾಕು ಅಂದ್ರೆ
ದಿಬ್ಬಣಕ್ಕೆ ದಿಬ್ಬಣವೇ ಬಂದು ಮನೇಲಿ ಉಳೀತದೆ."
ಇನ್ನೊಂದು.
ಸೈಲೆನ್ಸರಿಗೆ ಏನೂ ಅನ್ನಲಿಲ್ಲ. ಪಕ್ಕದ ಕಿಟಕಿ ತೋರಿಸಿದ:
ರಾತ್ರಿಯಿಡೀ ಬಲೆ ಎಳೆದು ಬಂದ ಹರಿಕಂತರ ಬೊಮ್ಮ
ಅಲ್ಲಿ ಬೋರಲು ಮಲಗಿದ್ದ, ಕಾಲು ಹೊಸಿಲಾಚೆ.
ಆ ಗೀಟು ನಾನೇ ಎಳೆದೆ.
"ಕೆಂಪು ಬಣ್ಣ ಇರಲಿ. ಅದರಿಂದ ಇಂಜಿನ್ನಿಗೆ ತೊಂದರೆ ಇಲ್ಲ."

ಪ್ಲಗ್ಗು ಬಿಚ್ಚಿ, ಒತ್ತಡ ಅಳೆದು, ಗೋಡೆಗೆ ಸೀಮೆಸುಣ್ಣದಲ್ಲಿ ಬರೆದ:
ನೂರಾ ಎಪ್ಪತ್ತು, ನೂರಾ ಅರವತ್ತೆಂಟು,
ನೂರಾ ಹದಿನೈದು,
ನೂರಾ ಎಪ್ಪತ್ತೆರಡು.
"ಐದನೇ ಎತ್ತು ಕೊಳ್ಳೋಕೆ ಬಂದಿದ್ದೀರಿ.
ಇರೋ ನಾಲ್ಕರಲ್ಲಿ ಒಂದು ಕುಂಟ್ತಾ ಇದೆ."

ಮೂರನೆಯದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದ; ಮುಳ್ಳು ಏರಲಿಲ್ಲ.
ರಿಂಗಲ್ಲ, ವಾಲ್ವು.
ಮರುದಿನ ಹೆಡ್ಡು ಬೆಂಚಿನ ಮೇಲಿತ್ತು.
ವಾಲ್ವಿನ ಅಂಚಿಗೆ ನೀಲಿ ಸವರಿ ಕೂರಿಸಿ, ತಿರುಗಿಸಿ, ಎತ್ತಿದ:
ಅರ್ಧ ಉಂಗುರಕ್ಕೆ ಮಾತ್ರ ನೀಲಿ ಹತ್ತಿತ್ತು.

"ನಮ್ಮಲ್ಲೂ ಇದೇ" ಅಂದೆ.
"ನೀಲಿ ಕಾಗದ ಇಟ್ಟು ಕಚ್ಚಿ ಅಂತೇವೆ.
ಹೆಚ್ಚು ಹತ್ತಿದಲ್ಲಿ ಉಜ್ಜೋದು. ಕೂದಲೆಳೆಯಷ್ಟು ಎತ್ತರ ಇದ್ರೂ
ಮುದುಕರು ಊಟ ಬಿಡ್ತಾರೆ."
ಕಾಯ್ತಾನ ನನ್ನ ಕೈ ನೋಡಿದ, ಮುಖವನ್ನಲ್ಲ.
ಪೇಸ್ಟಿನ ಡಬ್ಬಿ, ರಬ್ಬರಿನ ಕೋಲು ನನ್ನತ್ತ ಸರಿಸಿದ.

ಮಜ್ಜಿಗೆ ಕಡೆದ ಹಾಗೆ, ಅಂಗೈಗಳ ನಡುವೆ,
ಮುಕ್ಕಾಲು ಗಂಟೆ.
ಮೊದಲು ಗರಗರ, ಆಮೇಲೆ ಸೊರಸೊರ, ಆಮೇಲೆ ಸದ್ದೇ ಇಲ್ಲ.
ನೀಲಿ ಪೂರ್ತಿ ಸುತ್ತು ಬಂತು.

ಉಪ್ಪುಗಾಳಿ ತಿಂದ ಅರ್ಥಿಂಗ್ ವೈರು, ಫಿಲ್ಟರು, ಟ್ಯಾಪೆಟ್ಟಿನ ಸಂದು,
ಬ್ರೇಕಿನ ಪ್ಯಾಡು, ಮುಂದಿನ ಎರಡು ಟೈರು.
ಟರ್ಬೊದ ದುಡ್ಡಿನ ಕಾಲುಭಾಗವೂ ಆಗಲಿಲ್ಲ.
ಗುರುವಾರ ದೇವಿಮನೆಯ ಏರಿನಲ್ಲಿ
ಲಾರಿ ಎಡಕ್ಕೆ ಸರಿದು ಕೈ ಬೀಸಿತು. ಒತ್ತಿದೆ.
ಹಿಂದಿನ ಸೀಟಿನಲ್ಲಿ ಶಿರಸಿಯ ಹಲ್ಲುಗಳೆಲ್ಲ
ಒಮ್ಮೆ ಕಟಕಟ ಅಂದವು.

ಐನೂರು ಕಿಲೋಮೀಟರಿಗೆ ಬೋಲ್ಟು ಬಿಗಿಸಲು ಹೋದಾಗ
ಚಿಲ್ಲರೆಗೆಂದು ಅವನು ಎಳೆದ ಡ್ರಾಯರಿನಲ್ಲಿ
ಎಣ್ಣೆಕಾಗದದ ಉದ್ದ ಪೊಟ್ಟಣ. ತುದಿ ಬಿಚ್ಚಿತ್ತು:
ಕ್ಯಾಮು. ಹೊಳೆಯುವ, ಎತ್ತರದ ಗೆಣ್ಣುಗಳು.
"ನನ್ನ ಫಿಯಾಟಿಗೆ. ಕೊಲ್ಹಾಪುರದಿಂದ ತರಿಸಿದ್ದೆ.
ಇಪ್ಪತ್ತಾರು ವರ್ಷ ಆಯ್ತು."
"ಹಾಕ್ಲಿಲ್ಲ?"
"ಎಲ್ಲಿ ಓಡಿಸ್ಲಿ?" ಅಂದ,
ಒಂದು ಗೆಣ್ಣನ್ನು ಹೆಬ್ಬೆರಳಿಂದ ಒರೆಸಿದ.
"ಮಳೆಗಾಲಕ್ಕೆ ಮುಂಚೆ ಒಮ್ಮೆ ಎಣ್ಣೆ ಹಚ್ತೇನೆ, ಅಷ್ಟೆ."
ಮತ್ತೆ ಸುತ್ತಿಟ್ಟ.
ಚಿಲ್ಲರೆ ಕೊಡಲು ಮರೆತ; ನಾನೂ ಕೇಳಲಿಲ್ಲ.