ಹಕ್ಕಿ ಎರಗುವ ಸಾಲು

ಅಪ್ಪ ಆಡನ್ನು ಸಂತೆಗೆ ಹೊಡೆದುಕೊಂಡು ಹೋದ.
ಬರಿಗೈಲಿ ಬಂದ.
ಆ ರಾತ್ರಿ ಹುಡುಗ ಉಣ್ಣಲಿಲ್ಲ.
‘ಹಸಿವಿಲ್ಲ’ ಅಂದ.

ಐದನೆಯ ತರಗತಿ, ಹಾರವಾಡದ ಶಾಲೆ.
ಹತ್ತೊಂಬತ್ತು ಮಕ್ಕಳು ಓದಿದರು,
ಲತಿಕಾ ಒಬ್ಬಳು ತಡವರಿಸಿ,
ಉಳಿದವರು ನೀರು ಕುಡಿದ ಹಾಗೆ.
ಹುಡುಗ ಯಾಕೆ ಉಣ್ಣಲಿಲ್ಲ?
ಹತ್ತೊಂಬತ್ತು ಪಟ್ಟಿಯಲ್ಲೂ ಒಂದೇ ಉತ್ತರ:
ಹುಡುಗನಿಗೆ ಹಸಿವಿರಲಿಲ್ಲ.

ಕೆಂಪು ಪೆನ್ನು ಹಿಡಿದು ಕೂತೆ.
ತಪ್ಪು ಅನ್ನಲು ಬಾಯಿಲ್ಲ,
ಪುಸ್ತಕದಲ್ಲಿ ಹಾಗೇ ಇದೆ.

ನಾನು ನವಲಗುಂದದ ಎರೆಹೊಲದವಳು.
ಕಡಲು ಕಂಡದ್ದೇ ನೇಮಕದ ಆದೇಶ ಕೈಲಿ ಹಿಡಿದು ಬಂದ ದಿನ.
ಇಂದಿಗೂ ನನಗದು ಬರೀ ನೀರು,
ಇನ್ನೂ ಏನೂ ಬರೆಯದ ಹಲಗೆ.

ಸಂಜೆ ದಂಡೆಯಲ್ಲಿ ಲತಿಕಾ ಸಿಕ್ಕಳು,
ಅಜ್ಜ ಬೊಮ್ಮಯ್ಯ ಹರಿಕಂತ್ರನ ಪಕ್ಕ, ಬಲೆಯ ಗುಡ್ಡೆಯ ಮೇಲೆ.
ಒತ್ತಕ್ಷರ ಕಂಡರೆ ಬೆವರುವ ಹುಡುಗಿ
ಕೈ ಚಾಚಿ ಅಂದಳು:
‘ಅಕ್ಕೋರೆ, ಅಲ್ಲಿ ತಾರ್ಲೆ ಬಂದದೆ.’
ಎಲ್ಲಿ?
‘ಅದೇ, ಹಕ್ಕಿ ಎರಗ್ತಾ ಅದೆ, ನೀರು ಕಪ್ಪಾಗದೆ, ನೋಡಿ.’
ಮೀನು ಕಾಣಿಸ್ತದಾ ನಿನಗೆ?
ನಕ್ಕುಬಿಟ್ಟಳು.
‘ಮೀನು ಯಾರಿಗೆ ಕಾಣ್ತದೆ!’

ರಾತ್ರಿ ಸೊಸೈಟಿಯ ಹಳೆ ಕ್ಯಾಲೆಂಡರು ಬೋರಲು ಹಾಕಿ
ಬಿಳಿ ಬೆನ್ನಿನಲ್ಲಿ ಹಕ್ಕಿ ಕತ್ತರಿಸಿದೆ.
ಬೆಳಿಗ್ಗೆ ಮಕ್ಕಳು ನೋಡಿ, ‘ಇದು ಕೋಳಿ ಅಕ್ಕೋರೆ.’
ಗೌರೀಶ ತಾಂಡೇಲ ಕತ್ತರಿ ಕಸಿದುಕೊಂಡ.
‘ಕೂತ ಹಕ್ಕಿ ಬೇರೆ, ಎರಗೋ ಹಕ್ಕಿ ಬೇರೆ.
ಎರಗುವಾಗ ರೆಕ್ಕೆ ಹಿಂದಕ್ಕೆ.’

ಕಿಟಕಿಯಿಂದ ಕಿಟಕಿಗೆ ಹರಿದ ಬಲೆ ಕಟ್ಟಿದೆವು.
ಪಾಠದ ಒಂದೊಂದು ಸಾಲು ಒಂದೊಂದು ಚೀಟಿ,
ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ತೂಗಿತು.
ಯಾವ ಸಾಲಿನ ಕೆಳಗೆ ಏನೋ ಓಡಾಡ್ತಿದೆ ಅನ್ನಿಸ್ತದೋ
ಅಲ್ಲಿ ಹಕ್ಕಿ ಸಿಕ್ಕಿಸಿ ಅಂದೆ.

ಮೊದಲ ದಿನ ಎಲ್ಲೆಲ್ಲೂ ಹಕ್ಕಿ.
ಪಾಠದ ನಂಬರಿನ ಮೇಲೆ ಎರಡು.
ಮರುದಿನ ಜಗಳ. ಅದರ ಮರುದಿನ
‘ಹಸಿವಿಲ್ಲ’ದ ಮೇಲೆ ಜಾಗ ಸಾಲದಷ್ಟು.

ಲತಿಕಾಳ ಹಕ್ಕಿ ಮಾತ್ರ ಬೇರೆ ಕಡೆ,
‘ಬರಿಗೈಲಿ ಬಂದ’ದ ಮೇಲೆ.
ಅಲ್ಲೆಂತಕೆ?
ಬಹಳ ಹೊತ್ತು ಕಾಲ್ಬೆರಳಲ್ಲಿ ನೆಲ ಕೆರೆದಳು.
‘ಹಗ್ಗವೂ ತರಲಿಲ್ಲಲ್ಲ, ಅಕ್ಕೋರೆ.
ಅವನು ಹಗ್ಗ ಹುಡುಕಿದ್ದ.’

ಇಷ್ಟು ವರ್ಷ ಈ ಪಾಠ ಮಾಡಿದ್ದೇನೆ.
ಹಗ್ಗ ನನಗೆ ಕಂಡಿರಲಿಲ್ಲ.

ಆಮೇಲೆ ಹಕ್ಕಿಗಳ ಕೆಳಗೆ ಮೀನು ಬಂದವು,
ಹಳೆ ಲಗ್ನಪತ್ರಿಕೆ ಕತ್ತರಿಸಿದ ಹೊಳೆಯುವ ಮೀನು.
ಹೊಟ್ಟೆಯ ಮೇಲೆ ಬರೆದರು, ಕೆಲವರು ಕೊಂಕಣಿಯಲ್ಲೇ:
ಅವನಿಗೆ ಅಪ್ಪನ ಮೇಲೆ ಸಿಟ್ಟು.
ಅಪ್ಪನಿಗೂ ಊಟ ಸೇರಿರಲಿಕ್ಕಿಲ್ಲ.
ಆ ಆಡಿಗೆ ಒಂದು ಹೆಸರಿತ್ತು.

ತಪಾಸಣೆಗೆ ಬಂದವರು ಬಾಗಿಲಲ್ಲೇ ನಿಂತು
ಇದೇನು ಶಾಲೆಯೋ ಮೀನುಪೇಟೆಯೋ ಅಂದರು.
ಬಲೆಗೆ ತಲೆ ತಾಗದಂತೆ ಬಗ್ಗಿ ಒಳಬಂದು
ಒಂದೊಂದೇ ಮೀನು ಓದಿದರು.
ಹೋಗುವಾಗ ಮಾತಾಡಲಿಲ್ಲ.
ಅವರ ಮೇಲೊಂದು ಹಕ್ಕಿ ಸಿಕ್ಕಿಸಬೇಕಿತ್ತು
ಅಂದ ಗೌರೀಶ.

ದೀಪಾವಳಿ ಕಳೆದ ವಾರ
ತಮ್ಮನ ಕೈಲಿ ಲತಿಕಾಳ ಚೀಟಿ ಬಂತು.
‘ಅಕ್ಕೋರಿಗೆ ನಮಸ್ಕಾರ. ಮನೆಯಲ್ಲಿ ಕೆಲಸ ಇದೆ.
ನಾಲ್ಕು ದಿನ ರಜೆ ಕೊಡಬೇಕು.’
ಕಾಗುಣಿತದ ತಪ್ಪು ಒಂದೂ ಇಲ್ಲ.
ಆ ಸಂತೋಷದಲ್ಲೇ ಸಹಿ ಹಾಕಿ
ಹಾಜರಿ ಪುಸ್ತಕದೊಳಗೆ ಮಡಚಿಟ್ಟೆ.

ಗಣಿತದ ಅವಧಿಯ ನಡುವೆ ಮತ್ತೆ ತೆಗೆದೆ.
‘ಕೆಲಸ ಇದೆ’ಯ ನೆತ್ತಿಯ ಮೇಲೆ,
ಧೂಳಿನಷ್ಟು ಸಣ್ಣಗೆ, ಪೆನ್ಸಿಲಿನ ಗೀರು:
ರೆಕ್ಕೆ ಹಿಂದಕ್ಕೆ.

ತರಗತಿಯನ್ನು ಪಕ್ಕದ ಕೋಣೆಯವರಿಗೆ ಒಪ್ಪಿಸಿ
ಚಪ್ಪಲಿ ಕೈಲಿ ಹಿಡಿದು
ಮರಳಿಗಿಳಿದೆ.