ಕಲೆ

ಹುಣ್ಣಿಮೆಗೆ ಯಾರೂ ಕ್ಯಾಮೆರಾ ಎತ್ತಬಾರದು.
ಬೆಳಕು ನೇರ ಮುಖಕ್ಕೆ ಬಿದ್ದರೆ
ಚಂದ್ರನೂ ಒಂದು ಪಾಸ್‌ಪೋರ್ಟ್ ಸೈಜು ಫೋಟೊ:
ಚಪ್ಪಟೆ, ಬೆಳ್ಳಗೆ, ಬೆಪ್ಪಾಗಿ.
ಶಿಡ್ಲಘಟ್ಟದಲ್ಲಿ ಇಪ್ಪತ್ತಾರು ವರ್ಷ ಸ್ಟುಡಿಯೊ ನಡೆಸಿದವನ ಮಾತು, ನಂಬಿ.
ಬಹುಳ ಅಷ್ಟಮಿಗೆ ಬನ್ನಿ.
ಬಿಸಿಲು ಓರೆಯಾಗಿ ಹರಿದು
ಕತ್ತಲಿಗೆ ತಾಗುವ ಗಡಿಯಲ್ಲಿ
ಒಂದೊಂದು ಕುಳಿಗೂ ತನ್ನದೇ ನೆರಳು.

ನನ್ನ ಮಾಳಿಗೆಗೆ ಅಂಟಿಕೊಂಡೇ ಅಮಾನುಲ್ಲಾರ ರೀಲಿಂಗ್ ಶೆಡ್ಡು.
ಹಗಲೆಲ್ಲ ಗೂಡು ಬೇಯುತ್ತದೆ. ಹುಳುವಿನ ವಾಸನೆ
ಒಗೆದ ಶರ್ಟಿನ ಜೇಬಿನಲ್ಲೂ ಇರುತ್ತದೆ.
ಒಲೆಯ ಕಾವು ಶೀಟಿನಿಂದ ಏಳುವಷ್ಟು ಹೊತ್ತೂ
ಲೆನ್ಸಿನೊಳಗೆ ಚಂದ್ರ ಕುದಿಯುತ್ತಾನೆ,
ಅವನನ್ನೂ ಬಿಸಿನೀರಿಗೆ ಹಾಕಿದಂತೆ.
ಅದಕ್ಕೇ ಮೂರು ಗಂಟೆಯವರೆಗೆ ಕಾಯುವುದು.
ಶೀಟು ತಣ್ಣಗಾಗಬೇಕು, ನಾಯಿ ಮಲಗಬೇಕು,
ಗೂಡು ಹೇರಿಕೊಂಡ ಲಗೇಜ್ ಆಟೊಗಳು
ಮಾರ್ಕೆಟ್ಟಿಗೆ ಇನ್ನೂ ಹೊರಟಿರಬಾರದು.

ಆಮೇಲೆ ಉಸಿರು ಹಿಡಿದು, ಕೈ ತಾಗಿಸದೆ, ಟೈಮರಿನಲ್ಲಿ
ಮುನ್ನೂರು ಚಿತ್ರ.
ಒಂದೂ ನೆಟ್ಟಗಿರುವುದಿಲ್ಲ.
ಒಂದರಲ್ಲಿ ಅಂಚು ನಡುಗಿದೆ,
ಒಂದರಲ್ಲಿ ರಾಗಿ ಚೆಲ್ಲಿದಂತೆ ಕಾಳು ಕಾಳು,
ಒಂದರಲ್ಲಿ ಬಾವಲಿ.

ಲ್ಯಾಪ್‌ಟಾಪಿನಲ್ಲಿ ಅವನ್ನು ಒಂದರ ಮೇಲೊಂದು ಕೂರಿಸುವಾಗ
ಪಿಳ್ಳಮ್ಮನ ಕೈ ನೆನಪಾಗುತ್ತದೆ.
ಇದೇ ಶೆಡ್ಡಿನಲ್ಲಿ ಮೂವತ್ತು ವರ್ಷ. ಬೆರಳ ತುದಿ ಬೆಂದು ನುಣುಪಾಗಿ
ರೇಷನ್ ಅಂಗಡಿಯ ಮೆಷಿನ್ನಿಗೆ ಅವಳ ಗುರುತೇ ಸಿಗುತ್ತಿರಲಿಲ್ಲ.
ಆ ಬೆರಳಲ್ಲೇ ಎಂಟು ಗೂಡಿನ ಎಂಟು ಎಳೆ ಕೂಡಿಸುತ್ತ,
ಚರಕದಿಂದ ಕಣ್ಣು ಕೀಳದೆ,
"ಒಂದೆಳೆ ಕಣ್ಣಿಗೇ ಕಾಣಲ್ಲ ನಾಯನಾ, ಎಂಟು ಸೇರಿದ್ರೆ ಸೀರೆ."

ಮುನ್ನೂರರಲ್ಲಿ ಎಂಬತ್ತು ಇಟ್ಟುಕೊಂಡೆ.
ನಡುಕ ಒಂದೊಂದರದು ಒಂದೊಂದು ಕಡೆಗೆ,
ಸೇರಿಸಿದರೆ ತಮ್ಮನ್ನು ತಾವೇ ಹೊಡೆದುಹಾಕುತ್ತವೆ;
ಎಲ್ಲದರಲ್ಲೂ ಇದ್ದದ್ದಷ್ಟೇ ನಿಲ್ಲುತ್ತದೆ.
ಕುಳಿ. ಕುಳಿಯೊಳಗೊಂದು ಗುಡ್ಡ. ಗುಡ್ಡದ ನೆತ್ತಿಯಲ್ಲಿ
ಇನ್ನೂ ಇಳಿಯದ ಸಂಜೆಬಿಸಿಲು, ಸಾಸಿವೆಯಷ್ಟು.

ಇನ್ನು ಉಳಿದದ್ದು ಕೈ ಕಟ್ಟಿಕೊಳ್ಳುವ ಕೆಲಸ.
ಹರಿತ ಮಾಡುವ ಗುಂಡಿಯನ್ನು ಕೂದಲೆಳೆ ಹೆಚ್ಚು ಎಳೆದರೂ
ಕುಳಿಯ ಸುತ್ತ ಸುಣ್ಣ ಬಳಿದ ಗೆರೆ, ಅಲ್ಲಿ ಇಲ್ಲದ್ದು.
ಪಕ್ಕದಲ್ಲೇ ನಯ ಮಾಡುವ ಗುಂಡಿ.
ಎಳೆದರೆ ಚಂದ್ರ ನಾದಿದ ಮೈದಾ.

ಆ ಗುಂಡಿಯ ಸಹವಾಸ ನನಗೆ ಹಳೆಯದು.
ಎಷ್ಟು ಮದುಮಗಳಂದಿರ ಮಚ್ಚೆ ನುಂಗಿದೆಯೋ.

ಪಿಳ್ಳಮ್ಮ ಹೋದಾಗ ಮಗಳು ಕದಿರಮ್ಮ
ಹಾರ ಹಾಕಲು ದೊಡ್ಡದು ಬೇಕೆಂದು ಬಂದಳು.
ಪಿಂಚಣಿಗೆಂದು ನಾನೇ ತೆಗೆದದ್ದು ನನ್ನಲ್ಲಿತ್ತು.
ಮುಖದ ತುಂಬ ಸಿಡುಬಿನ ಗುಳಿ.
ನಾನು ಯಾರನ್ನೂ ಕೇಳಲಿಲ್ಲ.
ಒಂದು ಮಧ್ಯಾಹ್ನ ಪೂರ್ತಿ ಕೂತು
ಒಂದೊಂದನ್ನೇ ತುಂಬಿದೆ. ಪುಕ್ಕಟೆ. ಪ್ರೀತಿಯಿಂದ.

ತಿಥಿಯ ದಿನ ಮೊಮ್ಮಗು ಫೋಟೊದ ಮುಂದೆ ನಿಂತು
"ಇದ್ಯಾರು?" ಅಂದಿತು.
ಯಾರೋ ನಕ್ಕರು. ಕದಿರಮ್ಮ ನಗಲಿಲ್ಲ,
ಬಯ್ಯಲೂ ಇಲ್ಲ.
ಹಾರ ಸ್ವಲ್ಪ ಓರೆಯಾಗಿತ್ತು, ಸರಿಮಾಡಿದಳು.

ಮೂಲ ಫೈಲು?
ಅದರ ಮೇಲೇ ಸೇವ್ ಮಾಡಿದ್ದೆ.

ಐದಕ್ಕೆ ಕೆಳಗೆ ಒಲೆ ಹೊತ್ತಿತು. ಚಂದ್ರ ಮತ್ತೆ ನಡುಗತೊಡಗಿದ.
"ಚಾಂದು ಸಿಕ್ತಾ ಸಾರ್?" ಅಮಾನುಲ್ಲಾ, ಹಲ್ಲುಜ್ಜುತ್ತ.
ಸಿಕ್ಕಷ್ಟು ಸಿಕ್ಕಿದೆ ಅಂದೆ.
ಮುನ್ನೂರನ್ನೂ ಹಾಗೇ ಇಟ್ಟಿದ್ದೇನೆ,
ಅಲುಗಿದ್ದು, ಕಾಳುಕಾಳಾದದ್ದು, ಬಾವಲಿ ಕೂಡ.
ಡಿಸ್ಕು ತುಂಬಿದೆ ಎಂದು ಕೆಂಪಗೆ ಬರುತ್ತಿದೆ.
ಬರಲಿ.