ಒಟ್ಟುಪಾಲು

ಕನ್ನಡದ ಪುಸ್ತಕ ಈ ವರ್ಷವೂ ಓಣಂ ಕಳೆದ ಮೇಲೆಯೇ.
ಅದುವರೆಗೆ ನಾನೇ ಪುಸ್ತಕ:
ಎಡಗೈಯಲ್ಲಿ ಮಲಯಾಳದ ಪಾಠ, ಬಲಗೈಯಲ್ಲಿ ಚಾಕ್,
ಎದುರಿಗೆ ಪೆರ್ಲದ ಒಂಬತ್ತನೇ ಕ್ಲಾಸಿನ
ಹನ್ನೊಂದು ಮಕ್ಕಳು.

ಕಾಂಗೋ ಎಂದು ಬರೆದೆ.
ಒಬ್ಬ ರಾಜ, ಬೆಲ್ಜಿಯಮಿನವ,
ತನ್ನ ದೇಶದ ಎಪ್ಪತ್ತಾರು ಪಟ್ಟು ನೆಲವನ್ನು
ಒಮ್ಮೆಯೂ ಕಾಲಿಡದೆ
ಸ್ವಂತದ ತೋಟ ಎಂದು ಬರೆಸಿಕೊಂಡವ.
ಕಾಡಿನಲ್ಲಿ ಬಳ್ಳಿ. ಬಳ್ಳಿಯಲ್ಲಿ ಹಾಲು.
ಹಾಲು ಅಂದದ್ದೇ ತಡ
ಹಿಂದಿನ ಬೆಂಚಿಗೆ ಎಚ್ಚರವಾಯಿತು.

ರಬ್ಬರ್ ಎಂದರೇನು ಎಂದು ಇವರಿಗೆ ನಾನು ಹೇಳುವುದೇ?
ಭವಿಷ್ಯಾ, ತನಿಯಪ್ಪ ನಾಯ್ಕರ ಮಗಳು,
ಬೆಳಗಿನ ಜಾವ ಮೂರಕ್ಕೆ
ಅಮ್ಮನ ಹಣೆಯ ಟಾರ್ಚಿನ ಹಿಂದೆ ಹಿಂದೆ
ಪ್ಲಾಸ್ಟಿಕ್ ಲಂಗ ತೊಟ್ಟ ಮುನ್ನೂರು ಮರ ಸುತ್ತಿ
ಮಿಂದು, ಜಡೆ ಹೆಣೆದು ಬಂದು
ಇಲ್ಲಿ ತೂಕಡಿಸುವವಳು.
ಮಿಸ್ರಿಯಾಳ ಉಪ್ಪನಿಗೆ ಪೇಟೆಯಲ್ಲಿ ಶೀಟ್ ತೂಗುವ ಅಂಗಡಿ;
ಲೆಕ್ಕದ ಪುಸ್ತಕದ ತುಂಬ ಅವಳದೇ ಅಕ್ಷರ.

ಬಳ್ಳಿಯ ಹಾಲನ್ನು ಮೈಗೇ ಬಳಿದುಕೊಳ್ಳುತ್ತಿದ್ದರು ಎಂದೆ.
ಎದೆಯಲ್ಲಿ, ತೋಳಲ್ಲಿ ಒಣಗಿದ ಮೇಲೆ
ರೋಮದ ಸಮೇತ ಕೀಳುವುದು.
ಭವಿಷ್ಯಾ ಮೊಣಕೈ ಮುಟ್ಟಿಕೊಂಡಳು.

ತೂಕ ಕಡಿಮೆಯಾದ ಊರಿಗೆ ಸಿಪಾಯಿಗಳು.
ಅವರ ಗುಂಡಿಗೂ ಲೆಕ್ಕ ಉಂಟು:
ಹಾರಿದ ಒಂದೊಂದು ಗುಂಡಿಗೆ
ಒಂದೊಂದು ಬಲಗೈ ತಂದು ಒಪ್ಪಿಸಬೇಕು.
ಮಂಗಕ್ಕೋ ಹಂದಿಗೋ ಗುಂಡು ಖರ್ಚಾಗಿದ್ದರೆ
ಆ ಕೈ, ಬದುಕಿದ್ದವರದ್ದು.

ಮಲಯಾಳದ ಪುಸ್ತಕ ಇದನ್ನೆಲ್ಲ
‘ಕ್ರೂರ ಶಿಕ್ಷೆಗಳಿದ್ದವು’ ಎಂದು ಮುಗಿಸಿತ್ತು.
ನಾನೂ ಅಲ್ಲಿಗೇ ನಿಲ್ಲಿಸಬಹುದಿತ್ತು.

ಟೀಚರ್,
ಒಂದು ಕೈಗೆ ಎಷ್ಟು ಕಿಲೋ?

ಯಾರೋ ಕಿಸಕ್ಕೆಂದರು. ಮತ್ತೆ ಯಾರೂ ಇಲ್ಲ.
ಹೊರಗೆ ಬದಿಯಡ್ಕದ ಬಸ್ಸು
ಯಾರನ್ನೋ ಕರೆದು ಕರೆದು ಹೋಯಿತು.

ಉತ್ತರ ಗೊತ್ತಿಲ್ಲದೆ ಗುಮಾಸ್ತನ ಕಥೆಗೆ ಹಾರಿದೆ.
ಬಂದರಿನಲ್ಲಿ ಕೂತು ಹಡಗಿನ ಲೆಕ್ಕ ನೋಡುತ್ತಿದ್ದವ.
ಬರುವ ಹಡಗಿನಲ್ಲಿ ರಬ್ಬರ್, ಆನೆದಂತ.
ಹೋಗುವ ಹಡಗಿನಲ್ಲಿ ಬಂದೂಕು, ಗುಂಡು, ಸಂಕೋಲೆ.
‘ಹಾಗಾದರೆ ಅವರಿಗೆ ದುಡ್ಡೇ ಹೋಗಲಿಲ್ಲ!’
ಮಿಸ್ರಿಯಾ ಎದ್ದೇ ನಿಂತಿದ್ದಳು.
ಅವನು ತಿಂಗಳುಗಟ್ಟಲೆ ಪುಟ ಮಗುಚಿ ಕಂಡದ್ದು
ಇವಳಿಗೆ ಅರೆನಿಮಿಷ.

ಇನ್ನೊಬ್ಬಳ ಕೈಯಲ್ಲಿ ಕ್ಯಾಮೆರಾ ಇತ್ತು.
ಜಗಲಿಯ ಮೇಲೊಬ್ಬ ತಂದೆ.
ಅವನೆದುರು ಐದು ವರ್ಷದ ಮಗಳು,
ಅಂದರೆ ಅವಳದೊಂದು ಕೈ, ಅವಳದೊಂದು ಪಾದ.
ಗಾಜಿಗಿಳಿಸಿ, ಹಿಂದೆ ದೀಪವಿಟ್ಟು
ಇಂಗ್ಲೆಂಡಿನ ಊರೂರಲ್ಲಿ ಗೋಡೆಯ ಮೇಲೆ ತೋರಿಸಿದರು.
ಜನ ಅತ್ತರು, ಪತ್ರ ಬರೆದರು, ದುಡ್ಡು ಕೂಡಿಸಿದರು.
(ಆಗ ಅವರೇ ನಮ್ಮನ್ನು ಆಳುತ್ತಿದ್ದರು.
ಅದನ್ನೂ ಹೇಳಿದೆ. ಅಳು ಸುಳ್ಳಾಗಿತ್ತು ಎಂದು ಹೇಳಲಿಲ್ಲ.)

ಆ ಚಿತ್ರ ನನ್ನ ಮೊಬೈಲಿನಲ್ಲಿತ್ತು. ತೆಗೆಯಲಿಲ್ಲ.
ಈ ಪಂಚಾಯತಿನ ಮಕ್ಕಳೂ
ಹಾಗೆಯೇ ಚಿತ್ರವಾಗಿ ದೇಶ ಸುತ್ತಿದವರು,
ಗೇರುಗುಡ್ಡೆಯ ಮೇಲೆ ಹೆಲಿಕಾಪ್ಟರು
ಮದ್ದು ಸುರಿದು ಸುರಿದು ಹೋದ ಮೇಲೆ.
ಅಂಥದ್ದೊಂದು ಚಿತ್ರದ ತಮ್ಮ
ಎರಡನೇ ಬೆಂಚಿನಲ್ಲಿ ಪೆನ್ಸಿಲ್ ಕೆತ್ತುತ್ತಿದ್ದಾನೆ.
ಅಕ್ಕನ ಫೋಟೋ ದೆಹಲಿಗೆ ಹೋದದ್ದು ಅವನಿಗೆ ಗೊತ್ತು.
ಅಕ್ಕ ಮಂಚದಿಂದ ಜಗಲಿಗೆ ಹೋದದ್ದಿಲ್ಲ.

ಗಂಟೆಗೆ ಇನ್ನೂ ಐದು ನಿಮಿಷ.
ಚಿಪ್ಪಿನಲ್ಲಿ, ಮರದ ಗಾಯದಲ್ಲಿ
ಅಂಟಿ ಒಣಗಿ ಉಳಿದದ್ದಕ್ಕೆ ಏನನ್ನುತ್ತೀರಿ ಎಂದೆ.
ಒಟ್ಟುಪಾಲು, ಎಂದರು ಎಲ್ಲರೂ.
ಮಲಯಾಳದಲ್ಲಿ ಅದು ಅಂಟಿದ ಹಾಲು.
ಕನ್ನಡದಲ್ಲಿ ಬಿಡಿಸಿ ಓದಿದರೆ
ಒಟ್ಟು. ಪಾಲು.
ಬೋರ್ಡಿನ ಮೇಲೆ ಎರಡನ್ನೂ ಬರೆದು
ಯಾರಿಗೆ? ಎಂದು ಕೇಳಿದೆ.

‘ಅದಕ್ಕೆ ಶೀಟಿನ ಅರ್ಧ ರೇಟು ಟೀಚರ್,’
ಎಂದಳು ಮಿಸ್ರಿಯಾ.

ಹಿಂದಿನ ಬೆಂಚಿನಲ್ಲಿ ಭವಿಷ್ಯಾ
ನಿದ್ದೆ ಹೋಗಿದ್ದಳು,
ಎರಡೂ ಕೈ
ತಲೆಯಡಿಗೆ ಇಟ್ಟು.